ಯಾರ ಮೀಟರಿಗೆ?

“ಮೀಟರ್ ಒಂದೋ, ಎರಡೋ?”

ವೈರಿಂಗ್‌ನವನು ಹೀಗೆ ಕೇಳಿದ್ದೇ ತಡ, ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಕಡೆ ನೋಡತೊಡಗಿದರು. ಇನ್ನೂ ಪ್ಲಾಸ್ಟರ್ ಕಾಣದ ಹೊಸ ಗೋಡೆಗಳ ಮೇಲೆಲ್ಲ ಅವನ ಸೀಮೆಸುಣ್ಣದ ಗುರುತುಗಳಿದ್ದವು. ಎಡಗಡೆಯ ಕೋಣೆಗಳು ಅಣ್ಣನವು, ಬಲಗಡೆಯವು ತಮ್ಮನವು, ನಡುವೆ ಎಲ್ಲರಿಗೂ ಸೇರಿದ ಹಜಾರ, ಅದರ ಹಿಂದೆ ಅಡುಗೆಮನೆ. ಫ್ಯಾನು ಎಲ್ಲಿ ಬರಬೇಕು, ಮಂಚದ ತಲೆಯ ಕಡೆ ಪ್ಲಗ್ ಎಷ್ಟು ಎತ್ತರಕ್ಕಿರಬೇಕು, ಮಿಕ್ಸಿ ಎಲ್ಲಿ ಕೂರಬೇಕು ಎಂದು ಬೆಳಗಿನಿಂದ ಸರಾಗವಾಗಿ ಸಾಗಿದ್ದ ಕೆಲಸ ಮುಂಬಾಗಿಲ ಪಕ್ಕದ ಈ ಗೋಡೆಯ ಹತ್ತಿರ ಬಂದು ನಿಂತಿತು.

“ಇದೂ ಒಂದು ಕೇಳೋ ಮಾತಾ? ಒಂದು ಮನೆಗೆ ಒಂದು ಮೀಟರ್,” ಎಂದ ಅಣ್ಣ.

ತಮ್ಮನಿಗೆ ಹೆಂಡತಿಯ ಮಾತು ನೆನಪಾಯಿತು. ಈಗಿರುವ ಹಳೇ ಮನೆಯಿಂದ ಹೊರಡುವಾಗ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ತನಕ ಬಂದು, “ಇವತ್ತು ಎರಡು ಅಂತ ಹೇಳದೆ ಬರಬೇಡಿ” ಎಂದಿದ್ದಳು. ಅವಳದು ತಪ್ಪೆನ್ನುವಂತಿರಲಿಲ್ಲ. ಅಣ್ಣ ಇರುವೆಗೂ ನೋವು ಮಾಡುವವನಲ್ಲ. ಆದರೆ ಉರಿಯುವ ದೀಪ ಕಂಡರೆ ಅವನಿಗೆ ನಿದ್ದೆ ಬಾರದು. ತಮ್ಮನ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು ಕಂಡರೆ ಸಾಕು, ಹೊರಗೆ ನಿಂತು ಒಂದು ಸಲ ಕೆಮ್ಮುತ್ತಾನೆ. ಆರಿಸದಿದ್ದರೆ ಇನ್ನೊಂದು ಸಲ. ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. ಆ ಕೆಮ್ಮಿಗೆ ಎದುರಾಡುವುದು ಹೇಗೆ?

ಎರಡು ಮೀಟರಾದರೆ ಅವರವರ ದೀಪ ಅವರವರ ಪಾಡಿಗೆ ಉರಿಯುತ್ತದೆ. ಆದರೆ ‘ಎರಡು’ ಎಂದ ಕೂಡಲೇ ನಾಲ್ಕು ಜನ ಅದಕ್ಕೆ ‘ಪಾಲು’ ಎಂದು ಹೆಸರಿಡುತ್ತಾರೆ. ಇಬ್ಬರೂ ಒಂದೇ ಹೊಲ ಉತ್ತು, ಒಂದೇ ದುಡ್ಡಿನ ಡಬ್ಬಿಗೆ ಕೈಹಾಕಿ ಬದುಕಿದವರು. ಇಟ್ಟಿಗೆಯ ಸಂದಿಯಲ್ಲಿ ಉಳಿದಿದ್ದ ಗಾರೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತ ತಮ್ಮ.

ಹಜಾರದ ಹಸಿ ಗೋಡೆಗೆ ಚೆಂಬಿನಿಂದ ನೀರು ಎರಚುತ್ತಿದ್ದ ಅತ್ತಿಗೆ ಈ ಕಡೆ ತಿರುಗದೆಯೇ ಹೇಳಿದಳು: “ಎರಡು ಹಾಕಪ್ಪ.”

“ಏನಂದೆ?” ಅಣ್ಣನ ದನಿ ಏರಿತು.

“ಕಿವಿ ಚೆನ್ನಾಗೇ ಇದೆಯಲ್ಲ ನಿಮಗೆ. ಎರಡು ಅಂದೆ.”

“ಗೋಡೆಯ ಹಸಿ ಆರಿಲ್ಲ, ಆಗಲೇ ಮನೆ ಒಡೀತೀಯಲ್ಲೇ! ನೋಡಿದವರು ಏನಂದುಕೊಳ್ತಾರೆ?”

“ನೋಡಿದವರು ಬಂದು ಆ ಹುಡುಗಿಯ ಬಾಗಿಲಲ್ಲಿ ಕೆಮ್ಮೋದಿಲ್ಲ. ಕೆಮ್ಮೋರು ನೀವು. ಮೊನ್ನೆ ಮಗುಗೆ ಜ್ವರ ಅಂತ ದೀಪ ಹಾಕ್ಕೊಂಡು ಕೂತಿದ್ಲು. ನೀವು ಕೆಮ್ಮಿದ್ರಿ, ಆರಿಸಿದಳು. ಆಮೇಲೆ ಕತ್ತಲಲ್ಲೇ ಅದರ ಹಣೆ ಮುಟ್ಟಿ ಮುಟ್ಟಿ ನೋಡ್ತಾ ಕೂತಿದ್ಲು.”

“ಜ್ವರ ಅಂತ ನನಗೆ ಹೇಗೆ ಗೊತ್ತಾಗಬೇಕು? ಒಂದು ಮಾತು ಹೇಳಬಾರದಾ?”

“ಅವಳು ಹೇಳೋ ಪೈಕಿಯಲ್ಲ. ಇವನೂ ಅಷ್ಟೇ, ನೋಡಿ, ಬಾಯಿಗೆ ಬೀಗ ಹಾಕ್ಕೊಂಡು ಗೋಡೆ ಕೆರೀತಾ ಇದ್ದಾನೆ. ಬಿಟ್ಟರೆ ಇಟ್ಟಿಗೇನೇ ಕಿತ್ತು ಹಾಕ್ತಾನೆ.”

ತಮ್ಮ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಅಣ್ಣ ಅವನ ಕಡೆ ತಿರುಗಿದ. “ನಿನಗೂ ಎರಡು ಬೇಕೇನೋ?”

“ಬೇಕು ಅಣ್ಣ,” ಎಂದ ತಮ್ಮ. ಆಮೇಲೆ ಮೆಲ್ಲಗೆ, “ಆದರೆ ಬೇರೆ ಹೋಗೋಕಲ್ಲ.”

ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು, ಸಿಮೆಂಟ್ ಚೀಲದ ಧೂಳು ಒರೆಸಿ, ಅದರ ಮೇಲೆ ಕುಳಿತ. ಹಸಿ ಇಟ್ಟಿಗೆಯ ವಾಸನೆ ಹಜಾರದ ತುಂಬ ಹರಡಿತ್ತು.

“ಒಲೆ ಎರಡಾದ್ರೆ ಮನೆ ಎರಡು,” ಎಂದಳು ಅತ್ತಿಗೆ. “ಮೀಟರ್ ಎರಡಾದ್ರೆ ನಿಮ್ಮ ಕೆಮ್ಮು ವಾಸಿ ಆಗುತ್ತೆ, ಅಷ್ಟೆ.”

ವೈರಿಂಗ್‌ನವನು ಏನೋ ಹುಡುಕುವವನಂತೆ ಚೀಲದೊಳಗೆ ಮುಖ ಹಾಕಿದ. ಅವನ ಹೆಗಲು ಕುಲುಕುತ್ತಿದ್ದುದನ್ನು ಕಂಡು ಅಣ್ಣನಿಗೂ ನಗು ತಡೆಯಲಾಗಲಿಲ್ಲ. “ಹಾಕಯ್ಯ, ಎರಡೇ ಹಾಕು. ಇವಳ ಹತ್ತಿರ ಮಾತಲ್ಲಿ ಗೆದ್ದವರುಂಟೇ!”

ಗೋಡೆಯ ಮೇಲೆ ಎರಡು ಚೌಕಗಳು ಒಂದರ ಪಕ್ಕ ಒಂದು ಮೂಡಿದವು. ಆಗ ವೈರಿಂಗ್‌ನವನು ಕೇಳಿದ: “ಒಲೆ ಒಂದೇ ಅಂದ್ರಲ್ಲಕ್ಕಾ, ಹಾಗಾದ್ರೆ ಅಡುಗೆಮನೆ ಲೈನು ಯಾರ ಮೀಟರಿಗೆ ಕೊಡಲಿ?”

“ನನ್ನದಕ್ಕೆ!” ಅಣ್ಣ ತಮ್ಮ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

“ಸುಮ್ನಿರೋ. ದೊಡ್ಡೋನು ನಾನಿಲ್ವಾ?”

“ಎರಡು ಬೇಕು ಅಂದೋನು ನಾನು. ಅದು ನನ್ನ ಕಡೆಗೇ ಇರಲಿ.”

“ನಿನ್ನ ಮೀಟರಿನ ದೀಪದಲ್ಲಿ ಕೂತು ನಾನು ಉಣ್ಣಬೇಕಾ?”

“ಇಷ್ಟು ವರ್ಷ ನಿನ್ನ ದೀಪದಲ್ಲಿ ನಾನು ಉಣ್ಣಲಿಲ್ವಾ?”

ಅಣ್ಣ ಸಿಮೆಂಟ್ ಚೀಲದಿಂದ ಎದ್ದು ಬಂದು, ಬಿಟ್ಟುಕೊಡಲಾರೆ ಎನ್ನುವಂತೆ ಚೌಕಗಳ ಮುಂದೆ ನಿಂತ. ತಮ್ಮನೂ ಅವನ ಪಕ್ಕಕ್ಕೆ ಬಂದು ನಿಂತ. ವೈರಿಂಗ್‌ನವನು ಸೀಮೆಸುಣ್ಣ ಎತ್ತಿ ಹಿಡಿದು ಇವನನ್ನೊಮ್ಮೆ ಅವನನ್ನೊಮ್ಮೆ ನೋಡಿದ.

ಅತ್ತಿಗೆ ಉಳಿದ ನೀರನ್ನು ಗೋಡೆಯ ಬುಡಕ್ಕೆ ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಅಡುಗೆಮನೆಗೆ ಮೂರನೇದೊಂದು ಹಾಕಪ್ಪ. ನನ್ನ ಹೆಸರು, ಆ ಹುಡುಗಿ ಹೆಸರು, ಎರಡೂ ಸೇರಿಸಿ. ಅಲ್ಲಿ ದೀಪ ಹಾಕೋರೂ ನಾವೇ, ಆರಿಸೋರೂ ನಾವೇ.”

ಅಣ್ಣ ಕೆಮ್ಮಲಿಲ್ಲ. ವೈರಿಂಗ್‌ನವನು ತುಸು ಕಾದು ನೋಡಿ, ಎರಡೂ ಚೌಕಗಳನ್ನು ಅಂಗೈಯಿಂದ ಒರೆಸಿಹಾಕಿದ. ಜಾಗ ಹೊಂದಿಸಿಕೊಂಡು ಹೊಸದಾಗಿ ಮೂರು ಬರೆದ. ನಡುವಿನದು, ಅಡುಗೆಮನೆಯದು, ಉಳಿದೆರಡಕ್ಕಿಂತ ಒಂದು ಬೆರಳು ಅಗಲವಾಯಿತು.