ಕಾಗೆ ಮುಟ್ಟದ ಎಡೆ

ಮೊದಲ ಗುಂಡಿನ ಸದ್ದಿಗೆ ಕಾಗೆಗಳೆಲ್ಲ ಕಿರುಚಿಕೊಂಡು ಎದ್ದವು. ಎರಡನೆಯದಕ್ಕೆ ಒಂದು ಕಾಗೆ ಮಹೇಶನ ಕಾರಿನ ಮೇಲೆ ಬಿತ್ತು. ಆಮೇಲೆ ಬೀದಿಯಲ್ಲಿ ಬಂದೂಕು ಹಿಡಿದ ನಗರಸಭೆಯವರು ಬಿಟ್ಟರೆ ಯಾರೂ ಕಾಣಲಿಲ್ಲ.

ಮಹೇಶನಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೊದಲ ವರ್ಷದ ತಿಥಿ. ಕಾಂಪೌಂಡ್ ಗೋಡೆಯ ಮೇಲೆ ಎಡೆ ಇಟ್ಟು ಈಚೆ ಬಂದಿದ್ದನಷ್ಟೆ. ಕಾಗೆ ಮುಟ್ಟದಿದ್ದರೆ ಅಪ್ಪನಿಗೆ ಒಂದು ಅಗುಳೂ ಸೇರದು. ಮಲೇಷ್ಯಾದ ಕ್ಲಾಂಗ್‌ನಲ್ಲಿ ಕಾಗೆಗಳಿಗೇನು ಬರವೇ? ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮೇಜಿನಿಂದಲೇ ರೊಟ್ಟಿ ಕಸಿಯುವ ಪೋಕರಿಗಳು ಅವು. ಹಾಳಾದವರಿಗೆ ಇವತ್ತೇ ಗುಂಡು ಹಾರಿಸಬೇಕೇ?

ಇದು ಯಾರ ಕೆಲಸವೆಂದು ಅವನಿಗೆ ಗೊತ್ತಿತ್ತು. ಪಕ್ಕದ ಮನೆಯ ಶೆಲ್ಡನ್. ಮಂಗಳೂರಿನವನು, ಬಂದರಿನಲ್ಲಿ ಕೆಲಸ, ಮಾತಿನ ಕೊನೆಗೆ ಇಲ್ಲಿನವರ ಹಾಗೆ 'ಲಾ', ರಜೆ ಸಿಕ್ಕರೆ ಕೊರಳಿಗೆ ಬೈನಾಕ್ಯುಲರ್. ಹೋದ ತಿಂಗಳು ಅವನ ಅಂಗಳದಲ್ಲಿ ಗೂಡು ಕಟ್ಟಿದ್ದ ಮಡಿವಾಳ ಹಕ್ಕಿಯ ಮರಿಗಳನ್ನು ಕಾಗೆಗಳು ಎಳೆದು ತಿಂದಿದ್ದವು. ಅಂದಿನಿಂದ ಅವನ ಬಾಯಲ್ಲಿ ಅದೇ ಪುರಾಣ.

"ನಗರಸಭೆಗೆ ಫೋನ್ ಮಾಡಿದ್ದು ನೀನೇ ತಾನೆ?" ಮಹೇಶ ಅವನ ಗೇಟು ಒದ್ದ.

"ನಾನಲ್ಲ ಮಾರಾಯ. ಆದ್ರೆ ಮಾಡಿದವರಿಗೆ ಥ್ಯಾಂಕ್ಸ್ ಹೇಳ್ತೇನೆ ಲಾ! ಈ ಕಾಗೆ ಈ ಊರಿದ್ದೇ ಅಲ್ಲ. ಕಾಫಿ ತೋಟದ ಹುಳ ತಿನ್ಲಿಕ್ಕೆ ಇಂಗ್ಲಿಷರು ಹಡಗಲ್ಲಿ ತಂದು ಬಿಟ್ಟದ್ದು. ತೋಟ ಹೋಯ್ತು, ಅವರೂ ಹೋದ್ರು. ಇಲ್ಲಿನ ಹಕ್ಕಿಗಳನ್ನು ಇವು ಇನ್ನೂ ತಿಂತಾ ಉಂಟು."

"ನಮ್ಮಪ್ಪ ಉಪವಾಸ ಇದ್ದಾರೆ ಕಣೋ! ಬದುಕಿದ್ದಾಗ ಅನ್ನ ಸ್ವಲ್ಪ ಆರಿದ್ರೂ ಮುಟ್ತಿರ್ಲಿಲ್ಲ ಅವ್ರು. ಅಂಥವ್ರಿಗೆ ಹಿಂಗಾ ಮಾಡೋದು?"

ಕೂಗಾಟ ಕೇಳಿ ಮಹೇಶನ ತಾಯಿ ರತ್ನಮ್ಮ ಬಾಗಿಲಿಗೆ ಬಂದರು. ಹಿಂದೆಂದೋ ಮುರಿದ ಅವರ ಎಡಗೈ ಸೊಟ್ಟಗೇ ಕೂಡಿಕೊಂಡಿತ್ತು. ಬಚ್ಚಲಲ್ಲಿ ಜಾರಿ ಬಿದ್ದದ್ದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬೆಳಿಗ್ಗೆ ಬೇಗನೆ ಎಡೆ ಇಡಲು ಹೊರಟ ಮಗನನ್ನು, ಪಾಯಸ ಆಗಲಿ ತಡಿ ಎಂದು ನಿಲ್ಲಿಸಿದ್ದು ಅವರೇ. ಪಾಪ, ಈಗ ತನ್ನಿಂದಲೇ ಹೀಗಾಯಿತೆಂದು ಕೊರಗುತ್ತಾರೆ ಎಂದುಕೊಂಡ ಮಹೇಶ. ಆ ಸಿಟ್ಟೂ ಶೆಲ್ಡನ್ ಮೇಲೆಯೇ ತಿರುಗಿತು. ಅವನ ಕಾಲರ್ ಹಿಡಿದುಕೊಂಡ.

ಅಷ್ಟರಲ್ಲಿ ನಗರಸಭೆಯವನೊಬ್ಬ ಸತ್ತ ಕಾಗೆಯನ್ನು ಚೀಲಕ್ಕೆ ತುಂಬಿಕೊಂಡು ಮಹೇಶನ ಮನೆಯ ಬಾಗಿಲಿಗೆ ನಡೆದ.

"ಪುವಾನ್ ರತ್ನಮ್ಮ ನೀವೇನಾ?" ಎಂದು ಮಲಯ ಭಾಷೆಯಲ್ಲಿ ಕೇಳಿದ. "ನೀವು ಫೋನಿನಲ್ಲಿ ಹೇಳಿದ ದಿನವೇ ಬಂದಿದ್ದೇವೆ. ಇವತ್ತು ಒಂದೂ ಇತ್ತ ಸುಳಿಯುವುದಿಲ್ಲ."

ಮಹೇಶನ ಕೈ ಸಡಿಲವಾಯಿತು.

"ಹೂಂ ಕಣೋ, ನಾನೇ," ಎಂದರು ರತ್ನಮ್ಮ. "ಮದುವೆಯಾದಾಗಿನಿಂದ ನನ್ನ ತಟ್ಟೆ ಒದ್ದು ನನ್ನ ಉಪವಾಸ ಮಲಗಿಸಿದ್ರಲ್ಲ ನಿಮ್ಮಪ್ಪ, ಇವತ್ತೊಂದಿನ ಅವ್ರೂ ಮಲಗ್ಲಿ."