ಕಮಾನಿಗೆ ಹಚ್ಚಿದ ಎಣ್ಣೆ

ನನ್ನ ಬಳಿ ಚೆಲ್ಲೋ ವಾದ್ಯ ಕಲಿಯಲು ಬರುವ ಹುಡುಗಿಯರ ಜಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ಎದ್ದು ಕಿಟಕಿ ತೆರೆಯುತ್ತೇನೆ.

ಮೂಡಲಪಾಳ್ಯದ ಮನೆಯಲ್ಲಿ ಅಂದು ಭಾನುವಾರದ ಮಧ್ಯಾಹ್ನ. ಸಂಜೆ ನಾನು ಮೊದಲ ಬಾರಿ ಜನರೆದುರು ನುಡಿಸಬೇಕಿತ್ತು. ನನ್ನ ತಲೆಗೆ ಎಣ್ಣೆ ತಿಕ್ಕಿದ ಅಜ್ಜಿ, ನಾನು ಸ್ನಾನಕ್ಕೆ ಹೋದಾಗ ಚೆಲ್ಲೋ ನುಡಿಸುವ ಕಮಾನಿನ ಕುದುರೆಕೂದಲಿಗೂ ಹಚ್ಚಿಬಿಟ್ಟಿದ್ದಳು. ಎಳೆದರೆ ಕಮಾನು ತಂತಿಯ ಮೇಲೆ ಜಾರಿತು; ಸ್ವರವೇ ಹೊರಡಲಿಲ್ಲ.

“ಕೂದ್ಲು ಒಣಗಿ ಬಿಳೀ ಪುಡಿ ಉದುರ್ತಿತ್ತು ಕಣೇ,” ಎಂದಳು.

“ಅದು ರಾಳದ ಪುಡಿ! ಅದಿಲ್ದೆ ಸ್ವರ ಬರಲ್ಲ. ಇನ್ಮೇಲೆ ನಂದೇನೂ ಮುಟ್ಬೇಡ!” ಎಂದು ಕಿರುಚಿದೆ.

ಅಜ್ಜಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಮುಂದಿನ ಭಾನುವಾರ ಎಂದಿನಂತೆ ಜಡೆ ಬಿಚ್ಚಿ ಅವಳ ಮುಂದೆ ಕೂತೆ. ಅವಳು ಎಣ್ಣೆಯ ಬಟ್ಟಲನ್ನು ನನ್ನತ್ತ ಮೆಲ್ಲಗೆ ಸರಿಸಿದಳು.

“ನೀನೇ ಹಚ್ಕೊಳ್ಳಮ್ಮ.”