ಕೊನೇ ಸಾಲಿನ ನಗು

"ಸ್ನಾನಕ್ಕೆ ಹೋದಾಗ ತಮ್ಮ, ಆಚೆ ಬಂದಾಗ ತಂಗಿ. ನಮ್ಮನೆ ನೀರೇ ಹಾಗೆ ಸ್ವಾಮಿ," ಎಂದ ಹಾಸ್ಯಗಾರ. ಜನ ಬಿದ್ದು ಬಿದ್ದು ನಕ್ಕರು.

ನಡುವೆ ಹೆಂಗಸೊಬ್ಬಳು ಎದ್ದು, "ಇದೂ ಒಂದು ತಮಾಷೆನೇನ್ರೀ?" ಎಂದಳು. "ಕೂತ್ಕೊಳಮ್ಮ, ನಗೋಕೆ ಬಂದಿದೀವಿ," ಎಂದು ಪಕ್ಕದವರು ರೇಗಿದರು. ಇಂಥ ಜಟಾಪಟಿ ಅವನಿಗೆ ಮಾಮೂಲು. ಆದರೂ ಮೈಕಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೊನೇ ಸಾಲಿನ ಕತ್ತಲನ್ನೇ ನೋಡಿದ. ಅಲ್ಲಿ ತಂಗಿ ಕೂತಿದ್ದಳು. ಹೋದ ವರ್ಷದವರೆಗೂ ಮನೆಯವರೆಲ್ಲ ಅವನ ತಮ್ಮ ಎಂದೇ ತಿಳಿದಿದ್ದವಳು.

ಮೊದಲ ಶೋನಿಂದಲೂ ಅವಳದೊಂದು ಕೆಲಸವಿತ್ತು. ಒಳ್ಳೆಯ ಜೋಕಿಗೆ ಸದ್ದಿಲ್ಲದೆ ನಗುತ್ತಿದ್ದವಳು, ಅಣ್ಣನ ಜೋಕು ಠುಸ್ಸೆಂದಾಗ ಮಾತ್ರ ಅವನ ಮಾನ ಉಳಿಸಲು ಗಟ್ಟಿಯಾಗಿ ನಗುತ್ತಿದ್ದಳು.

ಜನ ಇನ್ನೂ ನಗುತ್ತಲೇ ಇದ್ದರು. ಅಷ್ಟೂ ಗದ್ದಲದ ನಡುವೆ, ಕೊನೇ ಸಾಲಿನಿಂದ ಅವಳು ಗಟ್ಟಿಯಾಗಿ ನಕ್ಕಳು.